ಹಗ್ಗದ ಇನ್ನೊಂದು ತುದಿ

"ನಿನ್ನ ಹಗ್ಗ ನಾವ್ಯಾರೂ ತಿರುಗಿಸಲ್ಲ, ಹೋಗೇ!" ಎಂದಳು ಕನ್ನಡಕದ ಹುಡುಗಿ.

"ಯಾಕೆ?" ಎಂದಳು ಗುಬ್ಬಿ.

"ಯಾಕಂತೆ! ಗಾಳಿ ಅಕ್ಕನ್ನ ಹಿಡ್ಕೊಟ್ಟಿದ್ದು ನಿಮ್ಮಮ್ಮ ತಾನೇ? ಉಚ್ಚೆ ಆಂಟಿ!"

ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ಆ ನಗುವಿಗೆ ಏಳು ಮನೆಗಳ ಹೆಂಚು ಹಾರಿಹೋದವು. ಸುಳ್ಳಲ್ಲ, ನಾನೇ ಎಣಿಸಿದ್ದೇನೆ.

ಗಾಳಿ ಅಕ್ಕ ಆ ಬೀದಿಯ ಓಟಗಾರ್ತಿ. ಅವಳು ಓಡಿದರೆ ಅವಳ ನೆರಳು ಐದು ನಿಮಿಷ ತಡವಾಗಿ ಬಂದು ಸೇರುತ್ತಿತ್ತು! ಗುಬ್ಬಿ ಜಿಗಿಯುವ ಹಗ್ಗದ ಒಂದು ತುದಿ ದಿನಾ ಹಿಡಿಯುತ್ತಿದ್ದವಳೂ ಅವಳೇ. ಹೋದ ತಿಂಗಳು ಸುದ್ದಿ ಬಂತು. ಓಟದ ಶಕ್ತಿ ಹೆಚ್ಚಿಸುವ ಔಷಧಿ ಅವಳ ಮೂತ್ರ ಪರೀಕ್ಷೆಯಲ್ಲಿ ಸಿಕ್ಕಿತ್ತು. ಇನ್ನು ಎರಡು ವರ್ಷ ಯಾವ ಪಂದ್ಯದಲ್ಲೂ ಓಡುವ ಹಾಗಿಲ್ಲ. ಅಂದಿನಿಂದ ಅವಳ ಮನೆಯ ಬಾಗಿಲು ತೆರೆದಿಲ್ಲ.

ಗುಬ್ಬಿಯ ಅಮ್ಮನ ಕೆಲಸ ಅದೇ. ಆಟಗಾರರ ಮೂತ್ರವನ್ನು ಪುಟ್ಟ ಬಾಟಲಿಗೆ ತುಂಬಿಸಿ, ಸೀಲ್ ಮಾಡಿಸಿ, ಲ್ಯಾಬಿಗೆ ಕಳಿಸುವುದು. ಬೀದಿಯವರಿಗೆ ಅಷ್ಟು ಸಾಕಾಯಿತು. ಹತ್ತೊಂಬತ್ತು ದಿನದಿಂದ ಗುಬ್ಬಿಯ ಜೊತೆ ಒಂದು ನೊಣವೂ ಮಾತಾಡಿಲ್ಲ.

ಸಂಜೆ ಫೋನ್ ಬಂತು. ಅಮ್ಮ ಕೆಲಸದ ಮೇಲೆ ಪಕ್ಕದ ದೇಶಕ್ಕೆ ಹೋಗಿದ್ದಳು. ಗುಬ್ಬಿಯನ್ನು ನೋಡಿಕೊಳ್ಳುತ್ತಿದ್ದ ದರ್ಜಿ ಮಾವ ಹೊಲಿಗೆ ಮೆಷಿನ್ ನಿಲ್ಲಿಸಿ, "ತಗೋ ಮಹಾರಾಣಿ. ಹೊಟ್ಟೆ ತುಂಬ ಊಟ ಮಾಡ್ದೆ ಅಂತ ಹೇಳು, ಇಲ್ಲಾಂದ್ರೆ ನನ್ನ ಚರ್ಮ ಸುಲೀತಾಳೆ" ಎಂದು ಫೋನ್ ಕೊಟ್ಟ.

"ಅಮ್ಮಾ, ಗಾಳಿ ಅಕ್ಕನ್ನ ನೀನೇ ಹಿಡ್ಕೊಟ್ಟಿದ್ದಾ?"

"ಇಲ್ಲ ಪುಟ್ಟಿ. ನಮ್ಮ ದೇಶದವರ ಟೆಸ್ಟ್ ನಾನು ಮಾಡೋ ಹಾಗೇ ಇಲ್ಲ. ಸುತ್ತಲಿನ ಆರು ದೇಶದವರು ಸೇರಿ ಹಾಗಂತ ಮಾತಾಡ್ಕೊಂಡಿದ್ದೀವಿ. ಇಲ್ಲಿ ಇದೇ ಕೆಲಸ ಮಾಡೋ ಆಂಟಿ ಅಲ್ಲಿಗೆ ಬರ್ತಾರೆ, ನಾನು ಇಲ್ಲಿಗೆ ಬರ್ತೀನಿ. ನಮ್ಮವರು ಅಂತ ಯಾರೂ ಕಣ್ಣು ಮುಚ್ಕೋಬಾರದಲ್ವಾ?"

ಗುಬ್ಬಿ ಎಷ್ಟು ಎತ್ತರ ಹಾರಿದಳೆಂದರೆ, ಫ್ಯಾನು ಸ್ವಲ್ಪದರಲ್ಲಿ ಪಾರಾಯಿತು. "ನಾಳೆ ಎಲ್ಲರಿಗೂ ಹೇಳ್ತೀನಿ! ನಮ್ಮಮ್ಮ ಅಲ್ಲ, ಆ ಆಂಟಿ ಅಂತ!"

"ಆ ಆಂಟಿಗೂ ನಿನ್ನ ವಯಸ್ಸಿನ ಮಗಳಿದ್ದಾಳೆ ಕಣೇ. ಇವತ್ತು ಅವರ ಮನೆಗೆ ಹೋಗಿದ್ದೆ. ಕಿಟಕಿ ಹತ್ರ ಒಬ್ಬಳೇ ಕೂತಿದ್ದಳು."

"ಯಾಕೆ?"

"ಅವರ ಬೀದಿಯ ಈಜುಗಾರ ಅಣ್ಣ ಟೆಸ್ಟಲ್ಲಿ ಸಿಕ್ಕಿಬಿದ್ದ. ಅವಳಮ್ಮನೇ ಹಿಡ್ಕೊಟ್ಟಿದ್ದು ಅಂತ ಅವಳನ್ನ ಯಾರೂ ಆಟಕ್ಕೆ ಸೇರಿಸ್ತಿಲ್ಲ."

"ನಿಜವಾಗ್ಲೂ ಹಿಡಿದಿದ್ದು ಯಾರು?"

ಅಮ್ಮ ಉತ್ತರ ಕೊಡುವಷ್ಟರಲ್ಲಿ ಮಾವ ಹದಿನಾರು ಅಂಗಿ ಹೊಲಿದು ಮುಗಿಸಿದ.

"ನಾನು."

ಮಾರನೆಯ ದಿನ ಬೀದಿಯಲ್ಲಿ ಕನ್ನಡಕದ ಹುಡುಗಿ ಎದುರಾದಳು. "ಏನೇ, ಉಚ್ಚೆ ಆಂಟಿ ಮಗಳೇ!"

"ಹಿಡಿದಿದ್ದು ನಮ್ಮಮ್ಮ ಅಲ್ಲ..."

"ಓಹೋ! ಮತ್ಯಾರಮ್ಮ?"

ಗುಬ್ಬಿ ಬಾಯಿ ತೆರೆದಳು. ನೋಡೇ ಇಲ್ಲದ ಆ ಕಿಟಕಿ ಅವಳ ಕಣ್ಣ ಮುಂದೆ ಬಂತು. ಬಾಯಿ ಮುಚ್ಚಿಕೊಂಡಳು.

"ಗೊತ್ತಿತ್ತು ಬಿಡು!" ಎಂದು ಕನ್ನಡಕದ ಹುಡುಗಿ ಓಡಿಹೋದಳು.

ಗುಬ್ಬಿ ಹಗ್ಗದ ಒಂದು ತುದಿಯನ್ನು ದೀಪದ ಕಂಬಕ್ಕೆ ಕಟ್ಟಿ, ಇನ್ನೊಂದನ್ನು ಹಿಡಿದು ತಿರುಗಿಸಿದಳು. ಹಗ್ಗ ಠಪ್ ಠಪ್ ಎಂದು ಖಾಲಿ ನೆಲಕ್ಕೆ ಬಡಿಯಿತು. ಲಕ್ಷ ಸಲ ಎನ್ನಬಹುದಿತ್ತು ನಾನು. ನಲವತ್ತು ಸಲ, ಅಷ್ಟೇ.

ಸಂಜೆ ಅಮ್ಮನನ್ನು ಕೇಳಬೇಕು ಎಂದುಕೊಂಡಳು: ಆ ಕಿಟಕಿಯ ಹುಡುಗಿಯ ಬೀದಿಯಲ್ಲೂ ದೀಪದ ಕಂಬ ಇದೆಯಾ?