ಕೆಳಗಿನ ಹೋಸ್

“ಇದನ್ನ ಕಾರಿಗೆ ಹಾಕ್ತಾರಾ? ಹೇಳು. ನಾಯಿ ಕುತ್ತಿಗೆಗೆ ಕಟ್ಟೋಕೂ ಲಾಯಕ್ಕಿಲ್ಲ ಇದು.”

ಚೀಲದಿಂದ ಹಳದಿ ಪೈಪಿನ ತುಂಡು ತೆಗೆದು ಗ್ಯಾರೇಜಿನಲ್ಲಿ ದೇವರಾಜನ ಮೇಜಿನ ಮೇಲೆ ಎಸೆದೆ. ಎಡಗೈಯಲ್ಲಿ ಎಸೆದದ್ದರಿಂದ ಗುರಿ ತಪ್ಪಿತು. ಅದು ಸ್ಪ್ಯಾನರ್ ಡಬ್ಬಿಗೆ ಬಡಿದು ನೆಲಕ್ಕೆ ಬಿತ್ತು. ಅವನು ಪೈಪು ನೋಡಲಿಲ್ಲ. ನನ್ನ ಬಲಗೈಯ ಬ್ಯಾಂಡೇಜನ್ನೇ ನೋಡುತ್ತಿದ್ದ.

“ಮಂಗಳಮ್ಮ, ಮೊದ್ಲು ಕೂತ್ಕೊಳ್ಳಿ. ಕೈ ತೋರಿಸಿ.”

“ಕೈ ಮುಟ್ಟಿದ್ರೆ ಕಚ್ಚಿಬಿಡ್ತೀನಿ.”

“ಕಚ್ಚಿ. ಆದ್ರೆ ಕೂತ್ಕೊಂಡು ಕಚ್ಚಿ.”

ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ಆ ಮಾತಿಗೆ ನಗುವವಳು ಜಾವಳಿಯ ಏರಿನಲ್ಲೇ ಉಳಿದುಬಿಟ್ಟಿದ್ದಳು.

ಹೊರಗೆ ಬೆಳ್ಳಿಯಪ್ಪ ಲಾರಿಯ ಹಿಂದೆ ಕಟ್ಟಿದ್ದ ಹಗ್ಗ ಬಿಚ್ಚುತ್ತಿದ್ದ. ಜಾವಳಿಯಿಂದ ಮೂಡಿಗೆರೆಯವರೆಗೆ ನನ್ನ ಕಾರನ್ನು ಎಳೆದು ತಂದವನು ಅವನೇ. ಒಳಗಿನ ಜಗಳ ಕೇಳಿಸಿದರೂ ಕೇಳಿಸದವನ ಹಾಗೆ ಹಗ್ಗ ಸುತ್ತಿಕೊಂಡು, “ನಾನು ಬರ್ತೀನಿ ಅಕ್ಕ” ಎಂದು ಹೊರಟುಬಿಟ್ಟ. ಬುದ್ಧಿವಂತ.

“ತೋಟದ ಜೀಪಿಗೆಲ್ಲ ಅದನ್ನೇ ಹಾಕೋದು,” ಎಂದ ದೇವರಾಜ. ದನಿ ಸಣ್ಣದಾಗಿತ್ತು. “ಮಲ್ಲಂದೂರಿಂದ ಕಳಸದ ತನಕ ಯಾವ ಜೀಪಿನ ಬಾನೆಟ್ ಎತ್ತಿದ್ರೂ ಗಿಡಕ್ಕೆ ಬೋರ್ಡೋ ಔಷಧಿ ಹೊಡೆಯೋ ಪೈಪಿನ ತುಂಡು ಸಿಗುತ್ತೆ. ನಿಮ್ಮಣ್ಣನ ಜೀಪಲ್ಲೂ ಇದೆ. ಅದು ಎಂಥ ಪ್ರೆಶರ್ ಬೇಕಾದ್ರೂ ತಡೆಯುತ್ತೆ.”

“ತಣ್ಣೀರಿನ ಪ್ರೆಶರ್ ತಡೆಯುತ್ತೆ ಮಾರಾಯ. ಇದು ಕುದಿಯೋ ನೀರು. ಏರು ಹತ್ತಬೇಕಾದ್ರೆ ಮೆತ್ತಗಾಗಿ, ಆ ಬಗ್ಗಿಸಿದ ಜಾಗದಲ್ಲಿ ಚಪ್ಪಟೆಯಾಗಿ ಹೋಯ್ತು. ನೀರು ಎಲ್ಲಿಂದ ಓಡುತ್ತೆ?”

ಅವನು ಬಗ್ಗಿ ಪೈಪಿನ ತುಂಡನ್ನು ನೆಲದಿಂದ ಎತ್ತಿಕೊಂಡ.

ಆ ಕಾರಿನ ಕಥೆ ಹೇಳದಿದ್ದರೆ ನನ್ನ ಸಿಟ್ಟು ಯಾರಿಗೂ ಅರ್ಥವಾಗುವುದಿಲ್ಲ. ಊರು ಬಿಟ್ಟು ಹೋದ ಇಂಗ್ಲಿಷ್ ದೊರೆಯೊಬ್ಬನಿಂದ ನಮ್ಮಪ್ಪ ಕೊಂಡಿದ್ದ ಎರಡು ಸೀಟಿನ ಕೆಂಪು ಸ್ಪೋರ್ಟ್ಸ್ ಕಾರು ಅದು. ಮದುವೆಗೆ ಮುಂಚೆ ಅಪ್ಪನೇ ನನಗೆ ಅದನ್ನು ಓಡಿಸಲು ಕಲಿಸಿದ್ದರು. ಅವರು ಹೋದ ಮೇಲೆ ಪಾಲಾಯಿತು. ಅಣ್ಣ ರೇಣುಕಪ್ರಸಾದ ತೋಟ ಇಟ್ಟುಕೊಂಡ, ಕಣ ಇಟ್ಟುಕೊಂಡ, ಕಾಫಿ ಹಣ್ಣು ಸುಲಿಯುವ ಪಲ್ಪರ್ ಇಟ್ಟುಕೊಂಡ. ಗಂಡನನ್ನು ಬಿಟ್ಟು ತವರಿಗೆ ಬಂದು ಕೂತ ತಂಗಿಗೂ ಪಾಲು ಕೊಟ್ಟೆ ಎಂದು ನಾಲ್ಕು ಜನರೆದುರು ಹೇಳಿಕೊಳ್ಳಬೇಕಲ್ಲ, ಆಳುಗಳ ಕೋಳಿ ಮೊಟ್ಟೆಯಿಡುತ್ತಿದ್ದ ಈ ಕಾರನ್ನು ನನಗೆ ಹಚ್ಚಿದ.

ತೊಂಬತ್ತೆಂಟರ ಮಳೆಗಾಲ ಮುಗಿದಾಗ ಕಳಸದ ಮಹಿಳಾ ಸಮಾಜದವರು ಹೊಲಿಗೆ ಕಲಿಸಲು ಕರೆದರು. ಇರಲು ಕೋಣೆಯನ್ನೂ ಕೊಡುತ್ತಿದ್ದರು. “ಟ್ರಂಕ್ ಹೊತ್ಕೊಂಡು ಬಸ್ಸಿಗೆ ಕಾಯೋಳಲ್ಲ ನಾನು. ನನ್ನ ಪಾಲಿನಲ್ಲೇ ಕೂತು ಹೋಗ್ತೀನಿ,” ಎಂದು ಅಣ್ಣನ ಮುಖಕ್ಕೆ ಹೇಳಿದೆ. ಅತ್ತಿಗೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಅಂದೇ ಕಾರನ್ನು ಮೂಡಿಗೆರೆ ಬಸ್‌ಸ್ಟ್ಯಾಂಡಿನ ಹಿಂದಿದ್ದ ದೇವರಾಜನ ಗ್ಯಾರೇಜಿಗೆ ಎಳೆಸಿದೆ.

ನಲವತ್ತು ದಾಟಿದವನು. ಮದುವೆಯಾಗಿರಲಿಲ್ಲ. ನಮ್ಮ ಪೈಕಿಯವನಲ್ಲ, ಗೌಡರ ಪೈಕಿ. ಮೊದಲ ದಿನ ಬಾನೆಟ್ ಎತ್ತಿ, ರೇಡಿಯೇಟರಿನ ನೀರು ಹರಿಯುವ ಒಂದೊಂದೇ ರಬ್ಬರ್ ಹೋಸನ್ನು ಬೆರಳಲ್ಲಿ ಹಿಸುಕಿ ನೋಡಿದ. ಒಣಗಿದ ಹಪ್ಪಳದ ಸದ್ದು ಬಂತು. ಒಂದನ್ನು ಬಿಚ್ಚಿ, ಉದ್ದಕ್ಕೆ ಸೀಳಿ ನನಗೆ ತೋರಿಸಿದ. ಹೊರಗೆ ಕಪ್ಪಗೆ ಹೊಳೆಯುತ್ತಿತ್ತು. ಒಳಗಿನ ಪದರ ಬಿಟ್ಟು ನಾಲಿಗೆಯ ಹಾಗೆ ಜೋತಾಡುತ್ತಿತ್ತು.

“ಹೊರಗಿಂದ ನೋಡಿದ್ರೆ ಗೊತ್ತೇ ಆಗಲ್ಲ ನೋಡಿ.”

“ನಮ್ಮಣ್ಣನ ಥರ,” ಎಂದೆ.

ಅವನು ತಲೆ ಎತ್ತಿ ನನ್ನನ್ನು ನೋಡಿದ. ನಗು ಮೊದಲು ಕಣ್ಣಿಗೆ ಬಂತು. ಮೀಸೆಯ ಕೆಳಗೆ ಬರಲು ತುಸು ಹೊತ್ತು ಹಿಡಿಯಿತು. ಆ ತುಸು ಹೊತ್ತಿನಲ್ಲೇ ನನಗೆ ಏನೋ ಆಯಿತು.

ಆಮೇಲೆ ಪ್ರತಿ ಸಂತೆಯ ದಿನ ಹೋದೆ. ಕಪಾಟಿನ ಪಕ್ಕ ನನಗೆಂದೇ ಒಂದು ಸ್ಟೂಲು ಬಂತು. ಸೀಮೆಎಣ್ಣೆಯಲ್ಲಿ, ಆಮೇಲೆ ಸೋಪಿನಲ್ಲಿ ಉಜ್ಜಿ ಉಜ್ಜಿ ಕೈ ತೊಳೆದು ಅವನೇ ಕಾಫಿ ಕೊಡುತ್ತಿದ್ದ. ಎಷ್ಟು ತೊಳೆದರೂ ಉಗುರಿನ ಅಂಚು ಕಪ್ಪಾಗಿಯೇ ಇರುತ್ತಿತ್ತು. ಲೋಟ ಕೊಡುವಾಗ ಬೆರಳು ತಾಗದ ಹಾಗೆ ಅಂಚಿನಲ್ಲಿ ಹಿಡಿಯುತ್ತಿದ್ದ. ಬೇಕೆಂದೇ ನಾನೂ ಅಂಚನ್ನೇ ಹಿಡಿಯುತ್ತಿದ್ದೆ.

ಒಂದು ಸಂತೆಗೆ ಮೇಲಿನ ಹೋಸು ಹಾಕಿದ. ಮುಂದಿನ ಸಂತೆಗೆ ಹೀಟರಿನದು. ಒಂದು ಹೋಸಿಗೆ ಒಂದು ವಾರ ಬೇಡವೆಂದು ನನಗೂ ಗೊತ್ತಿತ್ತು. ನಾನೇನೂ ಕೇಳಲಿಲ್ಲ. ನೀರು ತುಂಬಿಸುವಾಗ ಒಳಗಿನ ಗಾಳಿ ಹೊರಬರಲು ಹೋಸನ್ನು ಹಿಸುಕುತ್ತಿರಬೇಕು. ಆ ಕೆಲಸ ನನ್ನದು.

“ಹಿಸುಕಿ, ಬಿಡಿ. ಹಿಸುಕಿ, ಬಿಡಿ. ಹಸುವಿನ ಹಾಲು ಕರೆದ ಹಾಗೆ. ಗುಳ್ಳೆ ಬಂತಾ?”

“ಬಂತು.”

“ನಿಮ್ಮ ಕೈ ಒಳ್ಳೇದು. ನನಗಾದ್ರೆ ಇಷ್ಟು ಬೇಗ ಬರಲ್ಲ.”

ಅದು ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು. ಬಗ್ಗಿ ನಿಂತವನ ಕಿವಿ ಕೆಂಪಾಗಿರುತ್ತಿತ್ತು. ನಾನು ನೀರಿನ ಗುಳ್ಳೆ ನೋಡುವ ನೆಪದಲ್ಲಿ ಅದನ್ನೇ ನೋಡುತ್ತಿದ್ದೆ.

ಕೆಳಗಿನ ಹೋಸು ಮಾತ್ರ ಉಳಿಯಿತು. ಅದರ ಬಾಗು ಬೇರೆ ಥರ. ಬೇರೆ ಯಾವ ಗಾಡಿಯದೂ ಹೊಂದುವುದಿಲ್ಲ, ಬೊಂಬಾಯಿಯಿಂದಲೇ ಬರಬೇಕು. ಸಂತೆಯ ಮೇಲೆ ಸಂತೆ ಹೋಯಿತು. “ಬಂತಾ?” ಎಂದು ಕೇಳುತ್ತಿದ್ದೆ. “ಇಲ್ಲ, ಇನ್ನೊಂದು ವಾರ,” ಎನ್ನುತ್ತಿದ್ದ. ಕೊನೆಗೆ ಸೋಮವಾರ ಕಳಸದಲ್ಲಿರಲೇಬೇಕು ಎಂದು ಹೇಳಿದೆ. ಆಗ ತೋಟದ ಸ್ಪ್ರೇ ಪೈಪು ಕತ್ತರಿಸಿ, ಬಗ್ಗಿಸಿ, ಕ್ಲಿಪ್ ಬಿಗಿದ.

“ಒಂದು ತಿಂಗಳಿಗೆ ಮೋಸ ಇಲ್ಲ. ಅಷ್ಟರಲ್ಲಿ ಒರಿಜಿನಲ್ ಬರುತ್ತೆ. ಆಗ ಬನ್ನಿ, ಬದಲಾಯಿಸಿ ಕೊಡ್ತೀನಿ.”

ಹಳದಿ ಬಣ್ಣ ಕಣ್ಣಿಗೆ ಹೊಡೆಯುತ್ತಿತ್ತು. ತೋಟದಲ್ಲಿ ಹುಟ್ಟಿದವಳು ನಾನು, ಅದು ಎಂಥ ಪೈಪೆಂದು ತಿಳಿಯದೇ ಇರಲಿಲ್ಲ. ಎಲ್ಲರೂ ಹಾಕುವುದನ್ನೇ ಇವನೂ ಹಾಕಿದ್ದಾನೆ ಎಂದುಕೊಂಡೆ. ತಿಂಗಳು ಬಿಟ್ಟು ಮತ್ತೆ ಬರಬೇಕಲ್ಲ ಎಂಬ ಖುಷಿಯಲ್ಲಿ ಟ್ರಂಕು ಪಕ್ಕದ ಸೀಟಿಗೆ ಏರಿಸಿ ಹೊರಟೆ.

ಜಾವಳಿಯ ಏರಿನಲ್ಲಿ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಹೋಯಿತು. ನಿಲ್ಲಿಸಿ ಬಾನೆಟ್ ಎತ್ತಿದೆ. ಕೆಳಗೆ ಏನಾಗಿದೆ ಎಂದು ಬಗ್ಗಿ ನೋಡುತ್ತಿದ್ದಾಗ ಮೆತ್ತಗಾದ ಪೈಪು ಕ್ಲಿಪ್ಪಿನಿಂದ ಜಾರಿತು. ಕುದಿಯುವ ನೀರು ಮೊಣಕೈಯಿಂದ ಬೆರಳಿನವರೆಗೆ ಸುರಿಯಿತು. ಬೇಗ ನಿಲ್ಲಿಸಿದ್ದರಿಂದ ಎಂಜಿನ್ ಉಳಿಯಿತು. ಕೈ ಉಳಿಯಲಿಲ್ಲ.

ಆಸ್ಪತ್ರೆಯಲ್ಲಿ ಮಲಗಿದ್ದಾಗಲೇ ಸಮಾಜದವರು ಬೇರೆಯವಳನ್ನು ಇಟ್ಟುಕೊಂಡರು. ತಪ್ಪು ಹೇಳುವ ಹಾಗಿಲ್ಲ. ಕತ್ತರಿ ಹಿಡಿಯಲಾರದವಳು ಹೊಲಿಗೆ ಏನು ಕಲಿಸುತ್ತಾಳೆ? ಹೆಬ್ಬೆರಳೂ ತೋರುಬೆರಳೂ ಇನ್ನು ಸೇರುವುದು ಅನುಮಾನ ಎಂದು ಡಾಕ್ಟರು ಹೇಳಿದ್ದರು. ಅಣ್ಣನ ಮನೆಯ ಬಾಗಿಲನ್ನು ನಾನೇ ಮಾತಿನಲ್ಲಿ ಮುಚ್ಚಿ ಬಂದಿದ್ದೆ. ಆದರೂ ಬಂಡೆಯಂತೆ ಒಂದು ನಂಬಿಕೆ ಇತ್ತು. ದೇವರಾಜ ತಿಳಿಯದೆ ಮಾಡಿದ್ದಾನೆ, ಬೈದು ಸಮಾಧಾನವಾದ ಮೇಲೆ ಆ ಸ್ಟೂಲಿನ ಮೇಲೆ ಕೂತುಬಿಡುತ್ತೇನೆ, ಅವನು ಕರೆದರೆ ಅಲ್ಲೇ ಇದ್ದುಬಿಡುತ್ತೇನೆ. ಅದಕ್ಕೇ ಆಸ್ಪತ್ರೆಯಿಂದ ಬಿಟ್ಟ ದಿನವೇ, ಏರಿನಲ್ಲಿ ನಿಂತಿದ್ದ ಕಾರನ್ನು ಬೆಳ್ಳಿಯಪ್ಪನ ಲಾರಿಗೆ ಕಟ್ಟಿಸಿ ಅಲ್ಲಿಗೆ ಹೋದದ್ದು.

“ಈಗಲೇ ಸರಿ ಮಾಡ್ತೀನಿ. ಒರಿಜಿನಲ್ ಹಾಕ್ತೀನಿ,” ಎಂದ.

“ಬಂತಾ ಅದು?”

“ಬಂದಿದೆ.”

ಕಪಾಟಿನ ಹತ್ತಿರ ಹೋದ. ನನ್ನ ಸ್ಟೂಲಿನ ಪಕ್ಕ, ಕೈಗೆ ಸಿಗುವ ಎತ್ತರದ ಹಲಗೆಯ ಮೇಲೆ ಕಂದು ಕಾಗದ ಸುತ್ತಿದ ಒಂದು ಪೊಟ್ಟಣ ಯಾವಾಗಲೂ ಇರುತ್ತಿತ್ತು. ಅದನ್ನೇ ತೆಗೆದ. ದಾರ ಬಿಚ್ಚಲು ಹೊರಟವನ ಕೈಯಿಂದ ಕಿತ್ತುಕೊಂಡೆ.

ಕಾಗದದ ಮೇಲೆ ಕಾಫಿ ಲೋಟದ ಗುರುತುಗಳಿದ್ದವು. ದುಂಡಗೆ, ಒಂದರ ಮೇಲೊಂದು. ಕೆಲವು ಮಾಸಿದ್ದವು, ಕೆಲವು ಇನ್ನೂ ಗಾಢವಾಗಿದ್ದವು. ನನ್ನ ಲೋಟದವು. ಸಂತೆಗೊಂದು. ಸ್ಟೂಲಿನ ಮೇಲೆ ಕೂತು, “ಹೋಸ್ ಬಂತಾ?” ಎಂದು ಕೇಳುತ್ತ, ಆ ಹೋಸಿನ ಮೇಲೆಯೇ ನಾನು ಲೋಟ ಇಡುತ್ತಿದ್ದೆ.

ಸಿಟ್ಟು ಬರಬೇಕಿತ್ತು. ಬರಲಿಲ್ಲ.

“ಇಲ್ಲೇ ಇತ್ತು.”

“ಇತ್ತು.”

“ಎಂತಕ್ಕೆ?”

ದೇವರಾಜ ಒರೆಸುವ ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಂಡುತ್ತಿದ್ದ. “ಅದನ್ನ ಹಾಕಿದ್ರೆ ನೀವು ಹೋಗಿಬಿಡ್ತಿದ್ರಿ. ಮತ್ತೆ ಬರಕ್ಕೆ ಕಾರಣ ಇರ್ತಿರಲಿಲ್ಲ. ತಿಂಗಳು ಬಿಟ್ಟು ಒಂದ್ಸಲ ಆದ್ರೂ ಬರ್ತೀರಿ ಅಂತ... ಪೈಪು ತಡೆಯುತ್ತೆ ಅಂದ್ಕೊಂಡಿದ್ದೆ. ದೇವರಾಣೆ ಅಂದ್ಕೊಂಡಿದ್ದೆ.”

“ಬಾಯಿ ಇರಲಿಲ್ವಾ ನಿನಗೆ?”

“ತೋಟದ ಮನೆಯವರು ನೀವು. ಏನಂತ ಕೇಳಲಿ?”

“ಇರು ಅಂತ ಕೇಳಬೇಕಿತ್ತು. ಅಷ್ಟೆ. ಇರ್ತಿದ್ದೆ.”

ಅವನ ಮುಖ ನೋಡಲಾಗಲಿಲ್ಲ. ಬಾಗಿಲಲ್ಲಿ ನಿಂತಿದ್ದ ಕೆಂಪು ಕಾರನ್ನು ನೋಡಿದೆ.

“ಹಾಕು,” ಎಂದೆ. “ನನ್ನೆದುರಿಗೆ ಹಾಕು.”

ಹಾಕಿದ. ನಾನು ಎಡಗೈಯಲ್ಲಿ ಟಾರ್ಚು ಹಿಡಿದೆ. ಹೊಸ ಹೋಸು ಆ ಬಾಗಿಗೆ ಹುಟ್ಟಿದ ಹಾಗೆ ಕೂತಿತು. ಕ್ಲಿಪ್ ಬಿಗಿದ. ನೀರು ತುಂಬಿಸಿದ. ಹೋಸು ಹಿಸುಕುವ ಹೊತ್ತು ಬಂದಾಗ ರೂಢಿಯಂತೆ ನನಗಾಗಿ ಜಾಗ ಬಿಟ್ಟು ಪಕ್ಕಕ್ಕೆ ಸರಿದ. ಆಮೇಲೆ ನೆನಪಾಗಿ ತಾನೇ ಕೈ ಹಾಕಿದ. ಹಿಸುಕಿದ, ಬಿಟ್ಟ. ಗುಳ್ಳೆ ಬರುತ್ತಿತ್ತು. ಬಂತಾ ಎಂದು ಅವನು ಕೇಳಲಿಲ್ಲ. ಅವನ ಕಣ್ಣಿನ ನೀರು ರೇಡಿಯೇಟರಿನ ಬಾಯಿಯ ಪಕ್ಕ ಬೀಳುತ್ತಿತ್ತು.

ಒರೆಸಬೇಕೆನಿಸಿತು. ನಿಜ ಹೇಳುತ್ತೇನೆ, ಎಡಗೈ ಅರ್ಧದವರೆಗೆ ಹೋಯಿತು ಕೂಡ. ಟಾರ್ಚು ಇತ್ತು ಕೈಯಲ್ಲಿ.

ಎಂಜಿನ್ ಚಾಲೂ ಮಾಡಿದ. ಮುಳ್ಳು ಏರಿ, ನಡುವಿಗೆ ಬಂದು ನಿಂತಿತು.

“ಹೋಗ್ಬೇಡಿ,” ಎಂದ. “ಈಗ ಕೇಳ್ತಿದೀನಿ. ನಮ್ಮನೆ ಇದೆ. ನಿಮ್ಮ ಕೈ ಗುಣ ಆಗೋ ತನಕ, ಆಗದಿದ್ರೂ ಸರಿ, ಕೂರಿಸಿ ನೋಡ್ಕೊಳ್ತೀನಿ. ಇರಿ ಮಂಗಳಾ.”

‘ಅಮ್ಮ’ ಬಿಟ್ಟು ಬರೀ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಎಷ್ಟು ಸಂತೆ ಕಾದಿದ್ದೆ ಅದಕ್ಕೆ.

“ಕೂರಿಸಿ ನೋಡ್ಕೊಳ್ಳೋದು ನಮ್ಮಣ್ಣನಿಗೂ ಬರುತ್ತೆ,” ಎಂದೆ. “ನಾನು ಹೋಗೋ ದಾರಿಯನ್ನೇ ಕಪಾಟಲ್ಲಿ ಇಟ್ಕೊಂಡು ನನಗೆ ಕಾಫಿ ಕೊಟ್ಟೆ ನೀನು. ನಾಳೆ ನಾನು ಎಲ್ಲಿಗೆ ಹೊರಟ್ರೂ ಕಪಾಟು ನೋಡಬೇಕಾಗುತ್ತೆ ನನಗೆ.”

“ಕಾರು ತಗೊಳ್ಳಿ. ನಾನು ಓಡಿಸ್ತೀನಿ. ಎಲ್ಲಿಗೆ ಅಂದ್ರೆ ಅಲ್ಲಿಗೆ ಬಿಟ್ಟು ಬರ್ತೀನಿ.”

“ಬೇಡ. ಹಿಡಿದಿಟ್ಕೊಬೇಕಿತ್ತಲ್ಲ ನಿನಗೆ. ಕಾರು ಇಟ್ಕೋ.”

ಟ್ರಂಕನ್ನು ಎಡಗೈಯಲ್ಲಿ ಎಳೆದುಕೊಂಡು ಹೊರಬಿದ್ದೆ. ಅವನು ಹಿಂದೆ ಬರಲಿಲ್ಲ. ಬಂದಿದ್ದರೆ ಏನಾಗುತ್ತಿತ್ತೋ, ನನ್ನ ಮೇಲೆ ನನಗೇ ಭರವಸೆ ಇರಲಿಲ್ಲ.

ಸಂಸೆಯಲ್ಲಿ ಚಿಕ್ಕಮ್ಮ ರುಕ್ಮಿಣಮ್ಮ ಇದ್ದರು. ಆ ಕಡೆಯ ಬಸ್ಸು ನಿಂತಿತ್ತು. ಕಂಡಕ್ಟರ್ ಟ್ರಂಕು ಮೇಲೆತ್ತಿ, ನನ್ನ ಕೈ ನೋಡಿ, ಕಿಟಕಿಯ ಪಕ್ಕದವನನ್ನು ಎಬ್ಬಿಸಿ ಜಾಗ ಕೊಟ್ಟ. ಬಸ್ಸಿಗೆ ಕಾಯೋಳಲ್ಲ ಎಂದು ಅಣ್ಣನ ಮುಖಕ್ಕೆ ಹೇಳಿದ ಮಾತು ನೆನಪಾಯಿತು. ಇರಲಿ.

ಬಸ್ಸು ಹೊರಡಲು ತಡವಾಯಿತು. ಬಸ್‌ಸ್ಟ್ಯಾಂಡಿನ ಹಿಂದಿನ ಗ್ಯಾರೇಜಿನಿಂದ ನನ್ನ ಕಾರಿನ ಸದ್ದು ಕೇಳುತ್ತಲೇ ಇತ್ತು. ಅವನು ಎಂಜಿನ್ ಆರಿಸಿರಲಿಲ್ಲ. ಒಂದೇ ಸಮ, ಎಲ್ಲೂ ಮುಗ್ಗರಿಸದೆ ಓಡುತ್ತಿತ್ತು. ಹೋಸು ಚೆನ್ನಾಗಿಯೇ ಕೂತಿತ್ತು.