ನರ್ಗಿಸಿ ಕೋಫ್ತಾದ ಪರೀಕ್ಷೆ

ತತ್ತಿಯ ಸಿಪ್ಪೆಯ ಜೊತೆ ಬಿಳಿಯೂ ಕಿತ್ತು ಬಂದಾಗ, ಗೌಸಬಿಯ ಮೇಲಿದ್ದ ನನ್ನ ನಂಬಿಕೆ ಅಲ್ಲಿಗೇ ಮುಗಿಯಿತು.

ಸವಣೂರಿನಲ್ಲಿ ಮದುವೆ ಅಡುಗೆ ಎಂದರೆ ಹುಸೇನಸಾಬರು. ಅವರ ಕೈಕೆಳಗೆ ಆರು ವರ್ಷ ಉಳ್ಳಾಗಡ್ಡಿ ಹೆಚ್ಚಿದ್ದೆ. ನಲವತ್ತೊಂದನೆಯ ಇಸವಿಯಲ್ಲಿ ಅವರ ಮಗಳು ಗೌಸಬಿಯನ್ನು ನಾನೂ ಕೇಳಿದೆ, ಶಿಗ್ಗಾಂವದ ಅಡುಗೆಯವ ಮಕ್ತುಮನೂ ಕೇಳಿದ. ಉಸ್ತಾದರು ಹೇಳಿದ್ದು ಒಂದೇ ಮಾತು: "ನರ್ಗಿಸಿ ಕೋಫ್ತಾ ಮಾಡ್ರಿ. ಯಾರದು ಒಡೆಯೂದಿಲ್ಲೋ ಅವಗ ಮಗಳು."

ಕುದಿಸಿದ ಇಡೀ ತತ್ತಿಗೆ ಮಸಾಲೆ ಖೀಮಾ ಮೆತ್ತಿ ಕರಿಯಬೇಕು. ಅದಕ್ಕೆ ವಾರದ ಹಳೆಯ ತತ್ತಿಯೇ ಆಗಬೇಕು. ಹೊಸದು ನೆಟ್ಟಗೆ ಸುಲಿಯುವುದಿಲ್ಲ. ಮದುವೆಯ ದೊಡ್ಡ ಹಂಡೆ, ದೇಗಿನ ಹತ್ತಿರ ನಿಂತವರಿಗೆಲ್ಲ ಇದು ಗೊತ್ತು.

ತತ್ತಿ ಕೊಟ್ಟವಳು ಗೌಸಬಿ. ನನ್ನ ಬುಟ್ಟಿ ಇಡುವಾಗ ಸೆರಗಿನ ಮರೆಯಿಂದ ನೋಡಿ ತುಸು ನಕ್ಕಿದ್ದಳು. ಆ ನಗೆಯ ಅರ್ಥ ಈಗ ತಿಳಿಯಿತು ಅಂದುಕೊಂಡೆ.

ಮಕ್ತುಮನವು ನುಣ್ಣಗೆ ಸುಲಿದವು. ನನ್ನವು ಎಣ್ಣೆಗೆ ಬಿದ್ದ ಕೂಡಲೇ ಬಾಯಿಬಿಟ್ಟವು. ಉಸ್ತಾದರು ನನ್ನ ತಾಟು ಬದಿಗೆ ಸರಿಸಿ ಅವನ ಬೆನ್ನು ತಟ್ಟಿದರು.

ಹಿತ್ತಲಿಗೆ ಹೋದೆ. "ಅವನ ಬೇಕಾಗಿದ್ರ ಬಾಯಿಬಿಟ್ಟು ಹೇಳಬೇಕಿತ್ತು. ನನ್ನ ಮಾನ ಯಾಕ ಕಳದಿ?"

"ನಾ ಏನ ಮಾಡೇನಿ?"

"ಹೊಸಾ ತತ್ತಿ ಕೊಟ್ಟಿ!"

"ಹೂಂ ಮತ್ತ! ನಸುಕಿನ್ಯಾಗ ಎದ್ದು, ಕೋಳಿ ಕಡೆ ಕುಕ್ಕಿಸಿಕೊಂಡು ತಂದೇನಿ. ಬೆಚ್ಚಗಿದ್ದವು ನಿನಗ, ಹಳೇವು ಅವಗ." ಅವಳ ಮುಂಗೈ ಮೇಲೆ ಎರಡು ಕೆಂಪು ಗೀರು.

"ಸುಲಿಯೂದಿಲ್ಲಂತ ಗೊತ್ತಿರಲಿಲ್ಲೇನು?"

"ಹೆಣ್ಮಕ್ಕಳನ್ನ ನಿಮ್ಮ ದೇಗಿನ ಹತ್ರ ಯಾವಾಗ ಬಿಟ್ಟೀರಿ? ಮನ್ಯಾಗ ನಾವು ತತ್ತಿ ಒಡದ ಹಾಕತೇವಿ. ಕುದಿಸಿ ಸುಲಿಯೂದು ದೊಡ್ಡ ಮನಿಯವರ ಚೈನಿ."

ಸಿಟ್ಟನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಅವಳು ಪಡಸಾಲೆಗೆ ನಡೆದು ತಂದೆಯ ಎದುರು ನಿಂತು, ಹಿಂದೆಯೇ ಬಂದ ನನ್ನ ಕಡೆ ಕೈ ತೋರಿಸಿದಳು.

"ಬಾಬಾ, ಖಲಂದರನ ತಪ್ಪಲ್ಲ. ಚಲೋವು ಅಂತ ಹೊಸಾವು ಆರಿಸಿ ಅವಗ ಕೊಟ್ಟಾಕಿ ನಾ."

ಮಕ್ತುಮ ಕೈ ಒರೆಸಿಕೊಂಡು ಎದ್ದ. "ಚಾಚಾ, ಹುಡುಗಿ ಆರಿಸಿ ಮುಗಿಸ್ಯಾಳ. ನಾ ನನ್ನ ಕೋಫ್ತಾ ಕಟಗೊಂಡು ಹೊಕ್ಕೇನಿ."

ಉಸ್ತಾದರು ನನ್ನ ಕಡೆ ತಿರುಗಿದರು. "ನೀ ಏನಂತಿ?"

"ಇಕಿ ಒಪ್ಪಿದ್ರ..." ಎಂದೆ.

"ಒಪ್ಪೇನಿ," ಎಂದಳು ಗೌಸಬಿ. "ಆದ್ರ ಮೊದಲ ಬೈದದ್ದು ವಾಪಸ್ ತಗೋ."

ಬೈದದ್ದು ಹಿತ್ತಲಲ್ಲಿ, ಇಬ್ಬರೇ ಇದ್ದಾಗ. ವಾಪಸ್ ತೆಗೆದುಕೊಂಡದ್ದು ಪಡಸಾಲೆಯಲ್ಲಿ, ಎಲ್ಲರ ಎದುರು.