ವೃತ್ತದ ಪಕ್ಕದ ಚೌಕ

ತಪ್ಪು ಮಾಡಿದ್ದು ಡಾಕ್ಟರಮ್ಮ. ಅದನ್ನು ತಿದ್ದದೆ ಬಾಯಿ ಮುಚ್ಚಿಕೊಂಡು ಕೂತಿದ್ದು ಮಾತ್ರ ಈಜು ಟೀಚರ್.

ತಿಂಗಳ ಹಿಂದಿನ ಮಾತು. ಆಸ್ಪತ್ರೆಯ ಕೋಣೆಯಲ್ಲಿ ಡಾಕ್ಟರಮ್ಮ ಪೆನ್ಸಿಲ್ ಹಿಡಿದು ಟೀಚರಮ್ಮನ ಮನೆತನದ ನಕ್ಷೆ ಬರೆಯುತ್ತಿದ್ದರು. ಹೆಂಗಸರಿಗೆ ವೃತ್ತ, ಗಂಡಸರಿಗೆ ಚೌಕ. ಸ್ತನ ಕ್ಯಾನ್ಸರ್ ಬಂದವರ ವೃತ್ತಕ್ಕೆ ಕಪ್ಪು. ಅಜ್ಜಿಯದು ಕಪ್ಪಾಯಿತು, ಅಮ್ಮನದೂ ಆಯಿತು. ಆಮೇಲೆ ಅಮ್ಮನ ಹದಿನಾಲ್ಕು ವರ್ಷಗಳ ರಿಪೋರ್ಟ್ ಟೇಬಲ್ ಮೇಲೆ ಬಂತು. ಒಂದೂ ಬಿಡಿ ಹಾಳೆಯಿಲ್ಲ. ನೀಲಿ ಬಟ್ಟೆಯ ರಟ್ಟು ಹಾಕಿ, ದಾರದಲ್ಲಿ ಹೊಲಿದ ದಪ್ಪ ಪುಸ್ತಕ!

"ಅಬ್ಬಾ, ಯಾರು ಬೈಂಡ್ ಮಾಡಿದ್ದು ಇದನ್ನ?"

"ನಾನೇ," ಎಂದ ಪಕ್ಕದಲ್ಲಿ ಕೂತಿದ್ದ ಅವಳ ಗೆಳೆಯ, ಬುಕ್ ಬೈಂಡರ್, ಗೋಂದು ಅಂಟಿದ ಬೆರಳುಗಳನ್ನು ಮರೆಮಾಡುತ್ತ.

ಮನೆಯವರಲ್ಲದೆ ಇನ್ಯಾರು ಇಷ್ಟು ಮಾಡುತ್ತಾರೆ ಅಂದುಕೊಂಡರೋ ಏನೋ, ಡಾಕ್ಟರಮ್ಮ ಟೀಚರಮ್ಮನ ವೃತ್ತದ ಪಕ್ಕ ಒಂದು ಚೌಕ ಬರೆದು, ಗೆರೆ ಎಳೆದು ಎರಡನ್ನೂ ಸೇರಿಸಿಬಿಟ್ಟರು. ಗಂಡ-ಹೆಂಡತಿ! ಅವಳ ಕೆನ್ನೆ ಬಿಸಿಯಾಯಿತು. "ಅಲ್ಲ" ಅನ್ನಲು ಬಾಯಿ ತೆರೆದವಳು ನೀಲಿ ಪುಸ್ತಕವನ್ನು ತನ್ನತ್ತ ಎಳೆದುಕೊಂಡಳು. ಅವನಂತೂ ಸ್ವರ್ಗಕ್ಕೆ ಮೂರೇ ಗೇಣು ಎಂಬಂತೆ ಆ ಗೆರೆಯನ್ನೇ ನೋಡುತ್ತಿದ್ದ. ಮದುವೆಯಾಗ್ತೀಯಾ ಎಂದು ಅವನು ಕೇಳಿ ವಾರವಾಗಿತ್ತು, ಉತ್ತರ ಇನ್ನೂ ಬಂದಿರಲಿಲ್ಲ.

ಹೊರಗೆ ಬಂದ ಮೇಲೆ ಅವನಿಗೆ ತಾನಿಟ್ಟ ಅಡ್ಡಹೆಸರು ಹಿಡಿದೇ ಗದರಿದಳು. "ಜಾಸ್ತಿ ಹಲ್ಲು ಬಿಡಬೇಡ ಗೋಂದು. ಅಮ್ಮನ ಆ ಕ್ಯಾನ್ಸರ್ ಜೀನ್ ನನಗೂ ಬಂದಿದ್ರೆ ನನ್ನನ್ನ ಮರೆತುಬಿಡು."

"ಮರೆಯೋಕೆ ಬರಲ್ಲ. ಬೇರೆ ಏನಾದ್ರೂ ಕೆಲಸ ಹೇಳು."

ಮನೆಯಲ್ಲಿ ಅಮ್ಮನದು ಒಂದೇ ಮಾತು. "ನನ್ನ ಮೂಗು ಬಂತು, ನನ್ನ ಕೋಪ ಬಂತು. ಉಳಿದದ್ದು ಬರದಿದ್ರೆ ಸಾಕು, ಮಗಳೇ."

ಇವತ್ತು ಜೀನ್ ಟೆಸ್ಟಿನ ರಿಸಲ್ಟ್. ಅದೇ ಕೋಣೆ, ಪಕ್ಕದಲ್ಲಿ ಅವನೇ. ಉಳಿದದ್ದೂ ಬಂದಿತ್ತು.

"ದಿನಾ ಎರಡು ಗಂಟೆ ಈಜ್ತೀನಿ ಮೇಡಂ. ಕುಡಿಯಲ್ಲ, ಸಿಗರೇಟ್ ಮುಟ್ಟಲ್ಲ, ತೂಕ ಏರೋಕೆ ಬಿಟ್ಟಿಲ್ಲ." ಅವಳ ದನಿಯಲ್ಲಿ ಯಾರ ಮೇಲೋ ದೂರಿತ್ತು.

"ಅದೆಲ್ಲ ನೀರಲ್ಲಿ ಹೋಮ ಅಂದ್ಕೋಬೇಡಿ. ಅಪಾಯ ಸ್ವಲ್ಪ ಕಡಿಮೆ ಮಾಡುತ್ತೆ, ಪೂರ್ತಿ ತೆಗೆಯಲ್ಲ ಅಷ್ಟೆ," ಎಂದರು ಡಾಕ್ಟರಮ್ಮ. "ಜೀನ್ ಬಂದಿದೆ ಅಂದ್ರೆ ಕಾಯಿಲೆ ಬಂತು ಅಂತಲ್ಲ. ವರ್ಷ ವರ್ಷ ಸ್ಕ್ಯಾನ್ ಮಾಡಿಸೋಣ, ಬಂದ್ರೂ ಬೇಗ ಗೊತ್ತಾಗುತ್ತೆ. ಮಾತ್ರೆ, ಆಪರೇಷನ್ ಬಗ್ಗೆ ನಿಧಾನವಾಗಿ ಮಾತಾಡೋಣ."

ಅವಳು ನಕ್ಷೆಯತ್ತ ಬೆರಳು ತೋರಿಸಿದಳು. "ಇವರು ನನ್ನ ಗಂಡ ಅಲ್ಲ ಮೇಡಂ. ಆ ಗೆರೆ ಅಳಿಸಿ."

ಡಾಕ್ಟರಮ್ಮನ ಮುಖ ಕೆಂಪಾಯಿತು. ಗಡಿಬಿಡಿಯಿಂದ ರಬ್ಬರ್ ಹುಡುಕತೊಡಗಿದರು.

"ಒಂದು ನಿಮಿಷ," ಎಂದು ಅವನು ನೀಲಿ ಪುಸ್ತಕವನ್ನು ಹಿಂದಿನಿಂದ ತೆರೆದ. ಅಮ್ಮನ ಕೊನೆಯ ರಿಪೋರ್ಟ್ ಆದ ಮೇಲೂ ಹಾಳೆಗಳಿದ್ದವು, ಎಲ್ಲವೂ ಖಾಲಿ. ಅವಳು ಅಲ್ಲಿಯವರೆಗೆ ತಿರುವಿಯೇ ಇರಲಿಲ್ಲ.

"ಏನಿದು?"

"ನಿನ್ನ ಸ್ಕ್ಯಾನ್ ರಿಪೋರ್ಟ್ ಅಂಟಿಸೋಕೆ. ವರ್ಷಕ್ಕೊಂದು. ಬೈಂಡ್ ಮಾಡೋವಾಗ್ಲೇ ಹಾಕಿದ್ದೆ. ಮದುವೆ ಆಗ್ತೀಯಾ ಅಂತ ಕೇಳೋಕೂ ಮುಂಚೆ."

ಅಂದರೆ ಇದು ಬರಬಹುದು ಅಂತ ಗೊತ್ತಿದ್ದೇ ಕೇಳಿದ್ದ! ಅವಳು ಖಾಲಿ ಹಾಳೆಗಳನ್ನು ಬೆರಳಿಂದ ಸರಸರ ತಿರುವಿದಳು.

"ಎಷ್ಟು ಹಾಳೆ?"

"ಎಂಬತ್ತು."

"ನನಗೀಗ್ಲೇ ಇಪ್ಪತ್ತೊಂಬತ್ತು ಕಣೋ!"

"ನೂರ ಒಂಬತ್ತಕ್ಕೆ ತುಂಬುತ್ತೆ. ಆಮೇಲೆ ಎರಡನೇ ಸಂಪುಟ."

ನಗು ಉಕ್ಕಿತು, ಕಣ್ಣೂ ತುಂಬಿತು. "ನಿನಗೆ ಹೆದರಿಕೆ ಇಲ್ವಾ?"

"ಇದೆ. ಕೈ ನೋಡು." ಗೋಂದು ಅಂಟಿದ ಬೆರಳುಗಳು ನಿಜವಾಗಿಯೂ ನಡುಗುತ್ತಿದ್ದವು. ಅವಳು ಅವನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಡಾಕ್ಟರಮ್ಮನಿಗೆ ಅಂತೂ ರಬ್ಬರ್ ಸಿಕ್ಕಿತ್ತು. "ಅಳಿಸಲಾ?"

"ಬೇಡ ಮೇಡಂ. ಪೆನ್ ಕೊಡಿ."

ಪೆನ್ಸಿಲ್ ಗೆರೆಯ ಮೇಲೆ ಅವಳೇ ಶಾಯಿಯಲ್ಲಿ ಎಳೆದಳು. ಸೊಟ್ಟಗಾಯಿತು, ಆದರೆ ವೃತ್ತದಿಂದ ಹೊರಟು ಚೌಕ ಮುಟ್ಟಿತು. ಅಷ್ಟರಲ್ಲಿ ಫೋನ್ ಹೊಡೆದುಕೊಂಡಿತು, ಅಮ್ಮ.

"ಅಮ್ಮಾ, ಎರಡು ಸುದ್ದಿ ಇದೆ," ಎಂದಳು ಒಂದೇ ಉಸಿರಿಗೆ. "ಮೊದಲು ನಿನ್ನ ಅಳಿಯನದ್ದು ಕೇಳು."